ಚಿತ್ತಮ್ಮನ ಬರಿಗಣ್ಣು

ಚಳ್ಳಕೆರೆ
22 ನವೆಂಬರ್ 2023

ಕನ್ನಡಕವಿಲ್ಲದ ಚಿತ್ತಮ್ಮನವರಿಗೆ ಅವರ ತಂಗಿ ದಿವ್ಯಶ್ರೀ ಬರೆಯುತ್ತಿರುವ ಮೊದಲ ಕಾಗದ.

ಅಕ್ಕ, ಫೋನ್ ಮಾಡಿದರೆ ಭಾವ ಎತ್ತಿ "ಚೆನ್ನಾಗೈದಾಳೆ, ಮಲಗೈದಾಳೆ" ಎಂದು ಇಟ್ಟುಬಿಡುತ್ತಾರೆ. ನಿನ್ನ ಕೈಗೆ ಕೊಡಿಸಿದರೆ ಹೂಂ ಎನ್ನುತ್ತೀಯೇ ಹೊರತು ಬಾಯಿ ಬಿಡುವುದಿಲ್ಲ. "ನನ್ ಪಾಲಿನ ಮಾತೂ ನೀನೇ ಆಡ್ತೀಯಲ್ಲೇ" ಎಂದು ಮೊನ್ನೆ ಬೈದೆಯಲ್ಲ, ಅದಕ್ಕೇ ಕಾಗದ. ನಾನು ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದೆವಲ್ಲ, ಹಾಗೆ. ಮೊಬೈಲಿನ ಬೆಳಕಿಗಿಂತ ನಿನ್ನ ಕಣ್ಣಿಗೂ ಇದೇ ವಾಸಿ.

ದಾವಣಗೆರೆಯಲ್ಲಿ ಲೇಸರ್ ಆದ ಮರುದಿನ ನೀನು ಗೋಡೆಯ ಮೇಲಿನ ಅಕ್ಷರಪಟದ ಕೊನೆಯ ಸಾಲನ್ನು ಗಡಗಡ ಓದಿದೆ. ನಾನು ಹೊರಗೆ ಹೋಗಿ ಅತ್ತುಬಿಟ್ಟೆ. ಸೋಡಾ ಬಾಟಲಿಯ ತಳದಂಥ ಆ ಗಾಜಿನ ಹಿಂದೆ ನಿನ್ನ ಕಣ್ಣು ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ನೀನು. ಈ ಕಣ್ಣಿನ ಆಸ್ಪತ್ರೆಯಲ್ಲಿ ಕೂತು ಬಂದವರಿಗೆಲ್ಲ ಲೇಸರಿನ ಒಳಿತು ಕೆಡುಕು ತಿಳಿಸಿ ಧೈರ್ಯ ಹೇಳುವುದು ನನ್ನ ಕೆಲಸ. ಊರಿಗೆಲ್ಲ ಹೇಳಿ ನಿನಗೆ ಮಾಡಿಸದಿದ್ದರೆ ನಾನೆಂಥ ತಂಗಿ?

ನಮ್ಮ ಡಾಕ್ಟರ್ ಮೇಡಂ ಎಷ್ಟು ಕೂಲಂಕಷವಾಗಿ ನೋಡಿದರು ನೋಡಿದೆಯಲ್ಲ. ಕಣ್ಣುಗುಡ್ಡೆಯ ಮೇಲಿನ ಪಾರದರ್ಶಕ ಪದರ ಎಷ್ಟು ದಪ್ಪ ಇದೆ, ನಂಬರ್ ನಿಂತಿದೆಯೋ ಏರುತ್ತಿದೆಯೋ, ಎಲ್ಲ. ಅದು ತೆಳ್ಳಗಿದ್ದರೆ ಯಾರು ಎಷ್ಟು ಕಾಡಿದರೂ ಅವರು ಲೇಸರ್ ಮಾಡುವುದಿಲ್ಲ. "ಹತ್ತಿರದ ಕೆಲಸ ಮಾಡೋವಾಗ ಕನ್ನಡಕ ತೆಗೀತೀರಾ?" ಎಂದು ಕೇಳಿದಾಗ ನಾನು "ನಮ್ಮಕ್ಕ ಸ್ನಾನಕ್ಕೆ ಹೋದ್ರೂ ತೆಗೆಯಲ್ಲ ಮೇಡಂ" ಅಂದೆ. ಅವರು ಎಷ್ಟು ನಕ್ಕರು! ನೀನೂ ತಲೆ ತಗ್ಗಿಸಿಕೊಂಡು ನಕ್ಕೆ.

ಕಣ್ಣು ಉಜ್ಜಬೇಡ. ಡ್ರಾಪ್ಸ್ ಮರೆಯಬೇಡ. ಸ್ವಲ್ಪ ದಿನ ಕಣ್ಣು ಒಣಗಿದ ಹಾಗಾಗುತ್ತದೆ, ರಾತ್ರಿ ದೀಪದ ಸುತ್ತ ಬಳೆ ಕಟ್ಟಿದ ಹಾಗೆ ಕಾಣುತ್ತದೆ, ಹೆದರಬೇಡ. ಪಕ್ಕದ ಮನೆ ಕಾಟಮ್ಮ ಬಂದು ಕಣ್ಣಿಗೆ ಹರಳೆಣ್ಣೆ ಬಿಡುತ್ತೇನೆ ಎಂದರೆ ಬಾಗಿಲು ಹಾಕು.

ನಿನ್ನ ಬುಜ್ಜಿ


ಮೊಳಕಾಲ್ಮೂರು
3 ಡಿಸೆಂಬರ್ 2023

ಬುಜ್ಜಿ,

ನಿನ್ನ ಕಾಗದ ಬಂತು. ನಾನೂ ನಿನ್ನ ಭಾವನೂ ಹುಷಾರಾಗಿದ್ದೇವೆ. ಅಲ್ಲಿ ಎಣ್ಣೆ ಮಿಲ್ಲಿನ ಹಿಂಡಿ ವಾಸನೆಗೆ ನಿನಗೆ ಕೆಮ್ಮು ಬರುತ್ತಿತ್ತಲ್ಲ, ಹೇಗಿದೆ?

ಬೆಳಿಗ್ಗೆ ಎದ್ದ ಕೂಡಲೇ ಈಗಲೂ ದಿಂಬಿನ ಪಕ್ಕ ಕೈ ಆಡಿಸುತ್ತೇನೆ. ಆಮೇಲೆ ನೆನಪಾಗಿ ನಗು ಬರುತ್ತದೆ. ಬಾಗಿಲು ತೆಗೆದರೆ ಗುಡ್ಡದ ಬಂಡೆಗಳು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತವೆ. ಮುಖ ತೊಳೆಯುವ ಮೊದಲೇ ಗುಡ್ಡ ನೋಡಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಅಂಗಳದಲ್ಲಿ ನಿಂತಿದ್ದ ನಿನ್ನ ಭಾವನ ಗಡ್ಡ ಅಷ್ಟು ಬೆಳ್ಳಗಾಗಿರುವುದು ಒಳಗಿನಿಂದಲೇ ಕಂಡಿತು. ಹೇಳಿದ್ದಕ್ಕೆ "ಏಮೇ, ನೀನು ಕನ್ನಡಕದಾಗೇ ಚೆನ್ನಾಗಿದ್ದೆ ಬಿಡು" ಎಂದರು.

ಗುಂಡಿಮಗ್ಗಕ್ಕೆ ಇನ್ನೂ ಇಳಿದಿಲ್ಲ. ರೇಷ್ಮೆಯ ಧೂಳು ತಾಗಬಾರದೆಂದು ಮೇಡಂ ಹೇಳಿದ ದಿನಗಳು ಮುಗಿಯಲಿ. ಅಕ್ಕಿ ಆರಿಸುವಾಗ ಮೊರವನ್ನು ಸ್ವಲ್ಪ ದೂರ ಹಿಡಿಯಬೇಕಾಗಿದೆ. ರೂಢಿಯಾಗುತ್ತದೆ ಎಂದುಕೊಂಡಿದ್ದೇನೆ. ನೀನು ಇಷ್ಟು ಮಾಡಿದ್ದಕ್ಕೆ ಏನು ಹೇಳಬೇಕೋ ತಿಳಿಯದು. ಹೊತ್ತಿಗೆ ಸರಿಯಾಗಿ ಉಣ್ಣು.

ಚಿತ್ತಮ್ಮ


ಚಳ್ಳಕೆರೆ
15 ಡಿಸೆಂಬರ್ 2023

ಪ್ರೀತಿಯ ಅಕ್ಕ,

ನಿನ್ನ ಅಕ್ಷರ ನೋಡಿ ನಗು ತಡೆಯಲಾಗಲಿಲ್ಲ. ಇರುವೆ ಸಾಲಿಟ್ಟ ಹಾಗೆ ಬರೆಯುತ್ತಿದ್ದವಳು ಈಗ ಅಂಗಡಿ ಬೋರ್ಡಿನ ಹಾಗೆ ಬರೆದಿದ್ದೀಯ! ಕಣ್ಣು ಬಂದ ಖುಷಿಗೆ ಕೈಗೂ ಧಾರಾಳ ಬಂತು ಎಂದು ನನ್ನ ಜೊತೆ ಕೆಲಸ ಮಾಡುವ ಫರ್ಜಾನಾಗೆ ತೋರಿಸಿದೆ. ಅವಳು "ನಿಮ್ಮಕ್ಕ ದಿಲ್‌ದಾರ್ ಬಿಡು" ಎಂದಳು.

ಮೊರ ದೂರ ಹಿಡಿಯುವುದಕ್ಕೆ ಚಿಂತೆ ಮಾಡಬೇಡ. ನಲವತ್ತು ದಾಟಿದವರಿಗೆ ಓದುವ ಕನ್ನಡಕ ಬೇಕಾಗುತ್ತದೆ ಎಂದು ಮೇಡಂ ಮೊದಲೇ ಹೇಳಿದ್ದರು. ಲೇಸರ್ ದೂರದ್ದನ್ನು ಸರಿಮಾಡುತ್ತದೆ, ವಯಸ್ಸನ್ನಲ್ಲ. ಈ ಕಾಗದದ ಜೊತೆಗೇ ಪಾರ್ಸೆಲಿನಲ್ಲಿ ಒಂದು ಕಳಿಸಿದ್ದೇನೆ, ಹಗುರವಾಗಿದೆ, ಮೂಗಿನ ಮೇಲೆ ಇದ್ದದ್ದೂ ತಿಳಿಯುವುದಿಲ್ಲ.

ಮಗ್ಗಕ್ಕೆ ಕೂತ ಮೇಲೆ ಭಾವನಿಂದ ಒಂದು ಫೋಟೋ ತೆಗೆಸಿ ಕಳಿಸು. ಜರಿ ಅಂಚು ಕಾಣಬೇಕು, ನಿನ್ನ ಮುಖ ಕಾಣಬೇಕು, ಕನ್ನಡಕ ಇರಬಾರದು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಬುಜ್ಜಿ


ಮೊಳಕಾಲ್ಮೂರು
10 ಜನವರಿ 2024

ಬುಜ್ಜಿ,

ಉತ್ತರ ತಡವಾಯಿತು. ಮನೆಯಲ್ಲಿ ಕೆಲಸ. ನೀನು ಕೇಳಿದ ಫೋಟೋ ಇಟ್ಟಿದ್ದೇನೆ. ನಿನ್ನ ಭಾವ ಎರಡು ಸಲ ತೆಗೆದರು, ಮೊದಲನೆಯದರಲ್ಲಿ ನಾನು ಕಣ್ಣು ಮುಚ್ಚಿದ್ದೆ.

ಮಗ್ಗಕ್ಕೆ ಕೂರುತ್ತಿದ್ದೇನೆ. ನಿಧಾನಕ್ಕೆ ಆಗುತ್ತಿದೆ. ನೀನು ಕಳಿಸಿದ ಕನ್ನಡಕ ಚೆನ್ನಾಗಿದೆ, ಕ್ಯಾಲೆಂಡರ್ ನೋಡುವಾಗ ಹಾಕಿಕೊಳ್ಳುತ್ತೇನೆ. ಡ್ರಾಪ್ಸ್ ಇನ್ನೊಂದೆರಡು ಸೀಸೆ ಕಳಿಸು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮರಳು ಬಿದ್ದ ಹಾಗೆ ಆಗುತ್ತದೆ, ಬೇರೇನಿಲ್ಲ.

ಪಕ್ಕದ ಮನೆ ಕಾಟಮ್ಮ ಒಂದು ಮಾತು ಕೇಳುತ್ತಿದ್ದಳು. ಲೇಸರಿನಲ್ಲಿ ಮಾಡಿದ್ದನ್ನು ಹಿಂದಕ್ಕೆ ತಿರುಗಿಸಬಹುದಾ ಎಂದು. ಯಾರಿಗಾದರೂ ಮೊದಲಿನ ಕಣ್ಣೇ ಬೇಕು ಅನ್ನಿಸಿದರೆ, ಅದನ್ನು ಮತ್ತೆ ಕೊಡುವ ಮಷೀನು ಏನಾದರೂ ಇದೆಯಾ? ಅವಳಿಗೆ ಹಾಗೆಲ್ಲ ಕೇಳುವ ಚಟ. ನೀನು ಬಿಡುವಾದಾಗ ತಿಳಿಸಿದರೆ ಹೇಳುತ್ತೇನೆ.

ಹಬ್ಬಕ್ಕೆ ಬರಬೇಡ, ರಜೆ ಉಳಿಸಿಕೋ.

ಚಿತ್ತಮ್ಮ


ಚಳ್ಳಕೆರೆ
16 ಜನವರಿ 2024

ಅಕ್ಕಾ,

ಫೋಟೋ ಬಂತು! ನಮ್ಮ ಮ್ಯಾನೇಜರ್ ಸಾರ್ ಅದನ್ನು ನೋಡಿ ಕೆಳಗೇ ಇಡಲಿಲ್ಲ.

ಕಾಟಮ್ಮನಿಗೆ ಹೇಳು, ಲೇಸರ್ ತೆಗೆದದ್ದು ಕತ್ತರಿಸಿದ ಬಟ್ಟೆಯ ಹಾಗೆ, ಮತ್ತೆ ಬೆಳೆಯುವುದಿಲ್ಲ. ಅಲ್ಲ, ಕುರುಡು ಕಳೆದ ಮೇಲೆ ಯಾರಾದರೂ ಕುರುಡು ವಾಪಸ್ ಕೊಡಿ ಎನ್ನುತ್ತಾರಾ? ಅವಳ ಬಾಯಿಗೆ ಒಂದು ಬೀಗ ಸಾಲದು.

ಈಗ ಗುಟ್ಟು ಹೇಳುತ್ತೇನೆ. ಫೆಬ್ರವರಿ ಹದಿನೆಂಟು ಭಾನುವಾರ ಮೊಳಕಾಲ್ಮೂರಿನಲ್ಲಿ ನಮ್ಮ ಆಸ್ಪತ್ರೆಯ ಶಿಬಿರ. ನೇಕಾರರಿಗಾಗಿಯೇ. ತಪಾಸಣೆ ಮಾಡಿ, ಆಗುವವರಿಗೆ ದಾವಣಗೆರೆಯಲ್ಲಿ ಲೇಸರ್. ಕರಪತ್ರದ ಮೇಲೆ ನಿನ್ನ ಫೋಟೋ! ಕೆಳಗಿನ ಮಾತು ನಾನೇ ಬರೆದೆ, ನಿನ್ನ ಬಾಯಲ್ಲಿ: "ಮೂವತ್ತು ವರ್ಷ ದಪ್ಪ ಕನ್ನಡಕದಲ್ಲಿ ನೇಯ್ದೆ. ಈಗ ರೇಷ್ಮೆಯ ಒಂದೊಂದು ಎಳೆಯೂ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಚಿತ್ತಮ್ಮ, ನೇಕಾರರು." ಹೇಗಿದೆ? ನೀನು ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ.

ಫೋನಿನಲ್ಲಿ ಹೆಸರು ಬರೆಸುತ್ತಿದ್ದಾರೆ. ನಿಮ್ಮ ಬೀದಿಯವರೇ ಹೆಚ್ಚು. ಮೊದಲ ಹೆಸರು ಯಾರದು ಹೇಳು? ಕಾಟಮ್ಮನದು! "ಚಿತ್ತಮ್ಮನ ಕಣ್ಣು ನೋಡೀನಿ, ನಂಗೂ ಅಂಥದೇ ಬೇಕು" ಎಂದಳಂತೆ.

ಬುಜ್ಜಿ


ಮೊಳಕಾಲ್ಮೂರು
24 ಜನವರಿ 2024

ದಿವ್ಯ,

ಆ ಕರಪತ್ರ ಹಂಚಬೇಡ. ನನ್ನ ಫೋಟೋ ಹಾಕಬೇಡ, ನಾನು ಹೇಳದ ಮಾತನ್ನು ನನ್ನ ಹೆಸರಿನಲ್ಲಿ ಹಾಕಬೇಡ. ಕಾಟಮ್ಮನಿಗೆ ಬರಬೇಡ ಎಂದು ಹೇಳು.

ಯಾಕೆ ಎಂದು ಕೇಳಬೇಡ.

ಚಿತ್ತಮ್ಮ


ಚಳ್ಳಕೆರೆ
30 ಜನವರಿ 2024

ಅಕ್ಕ,

ಕರಪತ್ರ ಅಚ್ಚಾಗಿ ಹೋಗಿದೆ. ಮ್ಯಾನೇಜರ್ ಸಾರ್ ಮುಂದೆ ನಾನು ಏನು ಹೇಳಲಿ? ನಮ್ಮಕ್ಕನಿಗೆ ಸಿಟ್ಟು ಬಂದಿದೆ, ಕಾರಣ ಕೇಳಬಾರದಂತೆ, ಎನ್ನಲೇ?

ಕಾರಣ ನನಗೆ ಗೊತ್ತು. ಊರವರ ಮುಂದೆ ನನ್ನಿಂದ ಉಪಕಾರ ಪಡೆದವಳು ಎನ್ನಿಸಿಕೊಳ್ಳುವುದು ನಿನಗೆ ಬೇಡ. ನೀನು ಕೊಡುವವಳು, ನಾವೆಲ್ಲ ತೆಗೆದುಕೊಳ್ಳುವವರು, ಅಲ್ಲವಾ? ನಾನು ತಂದ ಸ್ವೆಟರ್ ಪೆಟ್ಟಿಗೆಯಲ್ಲೇ ಇದೆ. ಗ್ಯಾಸ್ ಒಲೆ ತಂದರೆ ಕಟ್ಟಿಗೆಯದೇ ರುಚಿ ಎಂದೆ. ಈಗ ಕಣ್ಣು ಕೊಡಿಸಿದರೆ ಅದನ್ನೂ ಬಚ್ಚಿಡುತ್ತೀಯ. ಒಂದೇ ಒಂದು ಸಲ "ಬುಜ್ಜಿ, ನೀನು ಕೊಟ್ಟದ್ದರಿಂದ ನನಗೆ ಸುಖವಾಯಿತು" ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಶಿಬಿರ ನಡೆಯುತ್ತದೆ. ನಿನಗೆ ಇಷ್ಟವಿಲ್ಲದಿದ್ದರೆ ಆ ದಿನ ಬಾಗಿಲು ಹಾಕಿಕೊಂಡು ಒಳಗಿರು.

ದಿವ್ಯಶ್ರೀ


ಮೊಳಕಾಲ್ಮೂರು
6 ಫೆಬ್ರವರಿ 2024

ಬುಜ್ಜಿ,

ನಿನ್ನ ಕಾಗದ ಓದಿ ನಿನ್ನ ಭಾವ "ಇವತ್ತು ಬರೀಲಿಲ್ಲ ಅಂದ್ರೆ ನಾನೇ ಚಳ್ಳಕೆರೆ ಬಸ್ ಹತ್ತೀನಿ" ಎಂದು ಹಟ ಹಿಡಿದರು. ಅವರಿಗೆ ಮೊದಲಿನಿಂದಲೂ ಗೊತ್ತು. ನಾನೇ ಆಣೆ ಹಾಕಿ ಸುಮ್ಮನಿರಿಸಿದ್ದೆ. ಇದನ್ನು ಕೂತುಕೊಂಡು ಓದು.

ನನಗೆ ಐದನೇ ಕ್ಲಾಸಿನಲ್ಲಿ ಕನ್ನಡಕ ಬಂತು. ಆಗಿನ ಡಾಕ್ಟರ್, ತೆಗೆದರೆ ಕಣ್ಣೇ ಹೋಗುತ್ತದೆ ಎಂದು ಹೆದರಿಸಿದ್ದರು. ಅವ್ವನೂ ಹಾಗೇ ನಂಬಿದ್ದಳು. ನೀನು ಚಿಕ್ಕವಳಿದ್ದಾಗ ನಾನು ಬರಿಗಣ್ಣಿನಲ್ಲಿ ಇದ್ದದ್ದು ಕಂಡರೆ "ಅಕ್ಕಾ ಕುರುಡಿ ಆಗ್ತೀಯಾ" ಎಂದು ಹೊರಳಾಡಿ ಅಳುತ್ತಿದ್ದೆ. ಅದಕ್ಕೆ ನಿನ್ನ ಕಣ್ಣೆದುರು ತೆಗೆಯುತ್ತಿರಲಿಲ್ಲ. ನೀನು ಸ್ಕೂಲಿಗೆ ಹೋದ ಮೇಲೆ ತೆಗೆದು ಮಗ್ಗದ ಗೂಟಕ್ಕೆ ಸಿಕ್ಕಿಸುತ್ತಿದ್ದೆ. ನಿನ್ನ ಚಪ್ಪಲಿ ಸಪ್ಪಳ ಕೇಳಿದರೆ ಹಾಕಿಕೊಳ್ಳುತ್ತಿದ್ದೆ. ನೀನು ದೊಡ್ಡವಳಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಕನ್ನಡಕ ತೆಗೆದರೆ ನನಗೆ ಗುಡ್ಡ ಕಾಣುತ್ತಿರಲಿಲ್ಲ, ಮನುಷ್ಯರು ಕಾಣುತ್ತಿರಲಿಲ್ಲ. ಆದರೆ ಮೂಗಿನ ಹತ್ತಿರ ಹಿಡಿದ ಎಳೆ ಹಗ್ಗದಷ್ಟು ದಪ್ಪ ಕಾಣುತ್ತಿತ್ತು. ಸೀರೆಯ ಅಂಚೂ ಮೈಯೂ ಕೂಡುವ ಕಡೆ ಯಾವ ಎಳೆ ಯಾವುದರ ಮೇಲೆ ಹೋಯಿತು ಎಂದು ಬಗ್ಗಿ ನೋಡಿದರೆ ಸಾಕು. ಹರಿದ ಎಳೆಯನ್ನು ಬೇರೆಯವರು ಬೆರಳಿನಲ್ಲಿ ತಡಕಿ ಹುಡುಕುತ್ತಾರೆ, ನಾನು ನೋಡಿ ಕಟ್ಟುತ್ತಿದ್ದೆ. ನಮಗೆ ರೇಷ್ಮೆ ಕೊಟ್ಟು ಸೀರೆ ತೆಗೆದುಕೊಳ್ಳುವ ವೆಂಕಟೇಶಪ್ಪನವರು ಕಷ್ಟದ ಅಂಚೆಲ್ಲ ನನಗೇ ಕೊಡುತ್ತಿದ್ದುದು ಅದಕ್ಕೆ. ನನ್ನ ಕೈ ಚೆನ್ನಾಗಿದೆ ಎಂದು ಅವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ ಬುಜ್ಜಿ. ಅದು ಕೈಯದಲ್ಲ, ಬರಿಗಣ್ಣಿನದು ಎಂದು ಆ ಕಣ್ಣು ಹೋದ ಮೇಲೆ ಗೊತ್ತಾಯಿತು.

ಈಗ ಆ ಹತ್ತಿರ ನನಗಿಲ್ಲ. ಎಳೆಯನ್ನು ಹತ್ತಿರ ತಂದಷ್ಟೂ ಕರಗಿ ಹೋಗುತ್ತದೆ. ನೀನು ಕಳಿಸಿದ ಕನ್ನಡಕದಲ್ಲಿ ಅಕ್ಷರ ಕಾಣುತ್ತದೆ, ಎಳೆ ಮೊದಲಿನಷ್ಟು ದೊಡ್ಡದಾಗುವುದಿಲ್ಲ. ಜರಿಯ ಮೇಲೆ ದೀಪ ಬಿದ್ದರೆ ಮಿಂಚಿ ಎರಡಾಗಿ ಕಾಣುತ್ತದೆ. ಮಧ್ಯಾಹ್ನಕ್ಕೆ ಕಣ್ಣು ಉರಿ. ಮೊದಲ ಸೀರೆ ಮುಗಿಸಿ ಕೊಟ್ಟಾಗ ವೆಂಕಟೇಶಪ್ಪನವರು ಅಂಚಿನ ಮೇಲೆ ಬೆರಳಾಡಿಸಿ ಸೀರೆ ಮಡಿಚಿ ಪಕ್ಕಕ್ಕಿಟ್ಟರು. ಆಮೇಲೆ "ಯಾಕೋ ಮೈಯಾಗೆ ಹುಷಾರಿಲ್ಲೇನೋ ಚಿತ್ತಮ್ಮ, ಸ್ವಲ್ಪ ದಿನ ಸಾದಾದು ನೇಯ್ಕೋ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಾದಾದರಲ್ಲೂ ಎಳೆ ಹರಿದಾಗೆಲ್ಲ ನಿನ್ನ ಭಾವ ತಮ್ಮ ಮಗ್ಗ ಬಿಟ್ಟು ಎದ್ದು ಬರಬೇಕು. ಸಂಕ್ರಾಂತಿಯಿಂದ ನಾನು ಮಗ್ಗಕ್ಕೆ ಇಳಿದಿಲ್ಲ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತೇನೆ, ಮುದುಕಿಯರ ಕೆಲಸ. ನೀನು ಕರಪತ್ರದಲ್ಲಿ ಹಾಕಿದ ಫೋಟೋಕ್ಕೆ ಸುಮ್ಮನೆ ನಿನ್ನ ಭಾವನ ಮಗ್ಗದ ಮುಂದೆ ಕೂತಿದ್ದೆ.

ಮೇಡಂ ಅವರದು ಏನೂ ತಪ್ಪಿಲ್ಲ. ಲೇಸರ್ ಕೆಡಲಿಲ್ಲ. ದೂರದ್ದು ಕಾಣಬೇಕು ಎಂದೆವು, ಕಾಣುತ್ತಿದೆ. ಕನ್ನಡಕ ತೆಗೀತೀರಾ ಎಂದು ಅವರು ಕೇಳಬೇಕಾದ್ದನ್ನು ಕೇಳಿದರು. ನೀನು ನನ್ನ ಪರವಾಗಿ ಹೇಳಿದೆ, ಅವರು ನಕ್ಕರು. ನೀನು ಆ ಬಿಳಿ ಕೋಟಿನಲ್ಲಿ ಎಷ್ಟು ಚೆಂದ ಕಾಣುತ್ತಿದ್ದೆ. ನಿನ್ನ ದೊಡ್ಡವರ ಎದುರಿಗೆ ನಿನ್ನ ಮಾತು ಸುಳ್ಳಾಗಬಾರದು ಎನ್ನಿಸಿತು. ಇಷ್ಟರಿಂದ ಏನಾಗುತ್ತದೆ ಎಂದು ಸುಮ್ಮನಾದೆ.

ಸ್ವೆಟರ್ ಪೆಟ್ಟಿಗೆಯಲ್ಲಿರುವುದು ಹಾಳಾಗಬಾರದೆಂದು.

ಕಾಟಮ್ಮನ ಕನ್ನಡಕ ನೇಯುವಾಗ ಹಣೆಯ ಮೇಲೆ ಇರುತ್ತದೆ ಬುಜ್ಜಿ. ಅವಳು ಹಾಕಿಕೊಂಡು ನೇಯ್ದದ್ದನ್ನು ನಾನು ನೋಡೇ ಇಲ್ಲ. ಅವಳಿಗೂ ನಲವತ್ತೈದು. ಲೇಸರ್ ಬೇಡ ಎಂದು ನಾನು ಹೇಳಿದರೆ "ನಿನಗೆ ಬಂದದ್ದು ನನಗೆ ಬರಬಾರದಾ" ಎಂದು ಮುಖ ತಿರುಗಿಸಿದಳು. ಕರಪತ್ರ ಅವಳ ಮನೆಯ ಗೋಡೆಗೇ ಅಂಟಿಸಿದ್ದಾರೆ, ನಾನು ಬೇರೆ ಹೇಳಿದರೆ ಯಾರು ನಂಬುತ್ತಾರೆ? ನೀನು ಮೇಡಂ ಕೈಯಲ್ಲಿ ಅವಳನ್ನು ಕೇಳಿಸು. ಅವಳೇ ಉತ್ತರ ಹೇಳುವ ತನಕ ಕಾಯಿ.

ಅಕ್ಕ


ಚಳ್ಳಕೆರೆ
20 ಫೆಬ್ರವರಿ 2024

ಅಕ್ಕ,

ಎಷ್ಟು ಸಲ ಬರೆದು ಹರಿದೆನೋ. ಕ್ಷಮಿಸು ಎಂದು ಬರೆದರೆ ಅದೂ ನಿನ್ನ ಉತ್ತರವನ್ನು ನಾನೇ ಹೇಳಿಸಿದ ಹಾಗೆ ಆಗುತ್ತದೆ.

ನಿನ್ನ ಕಾಗದವನ್ನು ಮೇಡಂಗೆ ಓದಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ತೆಗೀತಾರೆ ಅಂತ ಗೊತ್ತಿದ್ರೆ ನಾನು ಬೇಡ ಅಂತಿದ್ದೆ, ಇಲ್ಲಾ ಒಂದು ಕಣ್ಣಲ್ಲಾದ್ರೂ ಸ್ವಲ್ಪ ನಂಬರ್ ಉಳಿಸ್ತಿದ್ದೆ ದಿವ್ಯ" ಎಂದರು. ಆಮೇಲೆ "ನಾನೂ ಅವರ ಬಾಯಿಂದಲೇ ಕೇಳಬೇಕಿತ್ತು" ಎಂದರು. ನಿನ್ನ ಕಣ್ಣು ಒಣಗುವುದು ತಿಂಗಳು ಕಳೆದ ಹಾಗೆ ಕಡಿಮೆಯಾಗಬಹುದಂತೆ. ಭೂತಗನ್ನಡಿಯಂಥ ಕನ್ನಡಕ ಮಾಡಿಸಿ ನೋಡಬಹುದಂತೆ. ಮೊದಲಿನ ಬರಿಗಣ್ಣು ಮಾತ್ರ ಬರುವುದಿಲ್ಲ. ಅದನ್ನು ನೀನು ಜನವರಿಯಲ್ಲೇ ಕೇಳಿದ್ದೆ. ನಾನು ಕಾಟಮ್ಮನ ಬಾಯಿಗೆ ಒಂದು ಬೀಗ ಸಾಲದು ಎಂದು ಬರೆದಿದ್ದೆ.

ಶಿಬಿರದಲ್ಲಿ ನಿನ್ನ ಫೋಟೋ ಇದ್ದ ಬ್ಯಾನರ್ ತೆಗೆಸಿದೆ. ಮ್ಯಾನೇಜರ್ ಸಾರ್ ಎಲ್ಲರೆದುರು ಕೂಗಾಡಿದರು. ಕಾಟಮ್ಮ ಬಂದಳು. ಹತ್ತಿರದ ಕೆಲಸಕ್ಕೆ ಕನ್ನಡಕ ತೆಗೀತೀರಾ ಎಂದು ಮೇಡಂ ಅದೇ ಪ್ರಶ್ನೆ ಕೇಳಿದರು. ಅವಳು ನನ್ನ ಮುಖ ನೋಡಿದಳು, ನೀನೇ ಹೇಳಮ್ಮ ಎನ್ನುವ ಹಾಗೆ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಕೊನೆಗೆ "ತೆಗೆಯದೆ ಹೆಂಗೆ ನೇಯೋದು ತಾಯಿ, ಎಳೇನೇ ಕಾಣಲ್ಲ" ಎಂದಳು. ಮೇಡಂ ಲೇಸರ್ ಬೇಡ ಎಂದು ಬರೆದುಕೊಟ್ಟು, ಯಾಕೆಂದು ಬಿಡಿಸಿ ಹೇಳಿದರು. ಅವಳು ಬೈದುಕೊಂಡೇ ಹೋದಳು. ಅವಳಂತೆಯೇ ಇನ್ನೂ ಕೆಲವರು ಹೋದರು.

ಮನೆಗೆ ಬರಬೇಕು ಎಂದಿದ್ದೆ ಅಕ್ಕ. ಶಿಬಿರ ಮುಗಿದ ಕೂಡಲೇ ವ್ಯಾನ್ ಹೊರಟುಬಿಟ್ಟಿತು. ಬೀದಿಯ ಕಡೆ ತಿರುಗಲೂ ಪುರಸೊತ್ತು ಸಿಗಲಿಲ್ಲ. ಇನ್ನೊಂದು ಸಲ ಖಂಡಿತ ಬರುತ್ತೇನೆ.

ದಿವ್ಯ


ಮೊಳಕಾಲ್ಮೂರು
26 ಫೆಬ್ರವರಿ 2024

ಬುಜ್ಜಿ,

ನೀನು ಬಂದಿದ್ದೆ.

ನಾನು ಜಗಲಿಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದೆ. ಮೊದಲಾಗಿದ್ದರೆ ಕನ್ನಡಕ ಪಕ್ಕಕ್ಕಿಟ್ಟು ಕೂತಿರುತ್ತಿದ್ದೆ, ಬೀದಿಯ ಆ ತುದಿಗೆ ಆನೆ ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಬರಿಗಣ್ಣಿನ ಅಕ್ಕನಿಗೆ ದೂರ ಕಾಣದು ಎಂದು ನೀನೂ ಹಳೇ ರೂಢಿಯಲ್ಲಿ ಅಂದುಕೊಂಡಿರಬೇಕು. ನೀನು ಮೂಲೆ ತಿರುಗಿದ ಕೂಡಲೇ ನನಗೆ ಕಂಡಿತು. ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡಿದ್ದೆ. ಸೊರಗಿದ್ದೀಯ. ವಿದ್ಯುತ್ ಕಂಬ ಹಿಡಿದು ನಿಂತೆ, ಎರಡು ಹೆಜ್ಜೆ ಬಂದೆ, ಮತ್ತೆ ಕಂಬಕ್ಕೇ ಹೋದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳುತ್ತಿದ್ದೆ.

ಕೂಗಬೇಕು ಎಂದು ಎದ್ದೆ. ನೀನಾಗಿಯೇ ಬರಲಿ, ಕರೆದರೆ ನಿನಗೆ ಇನ್ನೂ ಕಷ್ಟವಾಗುತ್ತದೆ ಎಂದುಕೊಂಡು ಕೂತೆ. ಡಾಕ್ಟರ ಮುಂದೆ ಸುಮ್ಮನಾದವಳು ಇಲ್ಲಿಯೂ ಸುಮ್ಮನಾದೆ. ಅಷ್ಟರಲ್ಲಿ ನೀನು ತಿರುಗಿ ಹೋದೆ. ನೀನು ಹೋಗುವುದೂ ಪೂರ್ತಿ ಕಂಡಿತು.

ನಿನ್ನ ಭಾವನಿಗೆ ಹೇಳಲಿಲ್ಲ. ಒಳಗೆ ಬಂದು ಅನ್ನಕ್ಕೆ ಇಟ್ಟೆ. ನೀನು ಚಿಕ್ಕಂದಿನಲ್ಲಿ ಬಿದ್ದಾಗ, ಅವ್ವ ಹೋದಾಗ, ಹಾಸ್ಟೆಲಿಗೆ ಹೊರಟಾಗ, ಅತ್ತಾಗೆಲ್ಲ ನನ್ನ ಮಡಿಲಿನಲ್ಲೇ ಇದ್ದೆ. ನಿನ್ನ ಮುಖ ಅಳುವಾಗ ದೂರದಿಂದ ಹೇಗಿರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಇನ್ನೊಮ್ಮೆ ಬಂದರೆ ಮನೆಯೊಳಗೆ ಬಾ. ಅಷ್ಟು ದೂರ ನಿಂತು ಅಳಬೇಡ ಬುಜ್ಜಿ. ಈಗ ನನಗೆ ಕಾಣುತ್ತದೆ.

ಅಕ್ಕ